ಮೊದಲು ಏನನ್ನು ಕಲಿಸಬೇಕು?

ಹುಬ್ಬಳ್ಳಿಯಿಂದ ಉಣಕಲ್, ನವನಗರ, ರಾಯಾಪುರ ಹಾಯ್ದು ಧಾರವಾಡಕ್ಕೆ ಹೋಗುವ ರಸ್ತೆಯ ಎರಡೂ ತುದಿಗಳಲ್ಲಿ ಹಿಂದೂಸ್ತಾನಿ ಸಂಗೀತದ ದೊಡ್ಡ ಪರಂಪರೆಯಿದೆ. ಇಲ್ಲಿ ಎರಡು ಬಗೆಯ ಪಾಠಕ್ರಮಗಳು ಜೊತೆಯಾಗಿ ನಡೆದಿವೆ. ಒಂದು, ಗುರುವಿನೆದುರು ಕೂತು ಪಡೆಯುವ ತಾಲೀಮು. ಇನ್ನೊಂದು, ವರ್ಷಕ್ಕಿಷ್ಟು ರಾಗವೆಂದು ನಿಗದಿ ಮಾಡುವ ಪರೀಕ್ಷೆಯ ಪಠ್ಯ. ರಾಜ್ಯ ಸರ್ಕಾರ 2011ರಲ್ಲಿ ಉಣಕಲ್ಲಿನಲ್ಲಿ ತೆರೆದ ಡಾ. ಗಂಗೂಬಾಯಿ ಹಾನಗಲ್ ಗುರುಕುಲ ಮೊದಲನೆಯ ದಾರಿಯನ್ನು ಆರಿಸಿಕೊಂಡಿತು. ಆ ದಾರಿಯ ಬಲವೇನು, ಕೊರತೆಯೇನು ಎಂದು ತೂಗಿನೋಡಬೇಕಾಗಿದೆ.

ಗಾಯಕಿ ಗಂಗೂಬಾಯಿಯವರ (1913–2009) ಕಲಿಕೆಯಲ್ಲೇ ಎರಡೂ ಬಗೆ ಕಾಣುತ್ತವೆ. ಹುಬ್ಬಳ್ಳಿಯ ಕೃಷ್ಣಾಚಾರ್ಯ ಹುಲಗೂರರಿಂದ ಅವರು ಒಂದು ವರ್ಷದಲ್ಲಿ ಅರವತ್ತರಷ್ಟು ಚೀಜುಗಳನ್ನು, ಅಂದರೆ ರಾಗದ ರಚನೆಗಳನ್ನು, ಕಲಿತರು. ಆಮೇಲೆ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಕಿರಾಣಾ ಘರಾಣೆಯ ಸವಾಯಿ ಗಂಧರ್ವರಲ್ಲಿ ಕಲಿತರು. ಅಲ್ಲಿ ರಾಗಗಳು ಕಡಿಮೆ, ತಿದ್ದುವಿಕೆ ಹೆಚ್ಚು. ಒಂದೊಂದು ಸ್ವರಗುಚ್ಛವನ್ನೂ ಗುರುವಿಗೆ ಒಪ್ಪಿಗೆಯಾಗುವ ತನಕ ಹಾಡಬೇಕು. ನಾಡು ಇಂದಿಗೂ ನೆನೆಯುವ ಗಂಗೂಬಾಯಿ ರೂಪುಗೊಂಡದ್ದು ಈ ಎರಡನೆಯ ಪಾಠದಲ್ಲಿ.

ಕಿರಾಣಾ ಘರಾಣೆಯ ಈ ನಿಧಾನಕ್ಕೆ ಗಟ್ಟಿಯಾದ ಕಾರಣವಿದೆ. ತೋಡಿ ಮತ್ತು ಮುಲ್ತಾನಿಗೆ ಸ್ವರಗಳು ಒಂದೇ. ಆದರೂ ಮುಲ್ತಾನಿಯ ಆರೋಹದಲ್ಲಿ ರಿಷಭ, ಧೈವತ ಇಲ್ಲ, ನಡಿಗೆಯೇ ಬೇರೆ. ಮಾರವಾ, ಪೂರಿಯಾ, ಸೋಹನಿ ಮೂರಕ್ಕೂ ಪಂಚಮವಿಲ್ಲ, ಉಳಿದ ಆರು ಸ್ವರಗಳು ಸಮಾನ. ಮಾರವಾ ರಿಷಭ–ಧೈವತಗಳ ಮೇಲೆ ನಿಲ್ಲುತ್ತದೆ. ಪೂರಿಯಾ ಗಾಂಧಾರ–ನಿಷಾದಗಳನ್ನು ಹಿಡಿದು ಮಂದ್ರಕ್ಕೆ ಇಳಿಯುತ್ತದೆ. ಸೋಹನಿ ತಾರ ಷಡ್ಜದ ಸುತ್ತ ಆಡುತ್ತದೆ. ಎಲ್ಲಿ ನಿಲ್ಲಬೇಕು, ಯಾವ ಸ್ವರವನ್ನು ಮುಟ್ಟಿ ಬಿಡಬೇಕು ಎಂಬುದನ್ನು ಕಿವಿಗೆ ಹತ್ತಿಸುವುದಕ್ಕೆ ವರ್ಷಗಳು ಬೇಕು. ಬೆಳಗಿನ ಖರಜ ಸಾಧನೆ, ತಂಬೂರಿ ಶ್ರುತಿಗೂಡಿಸುವುದು, ಪಲ್ಟಾ, ಆಮೇಲೆ ವಿಲಂಬಿತದಲ್ಲಿ ಒಂದೊಂದೇ ಸ್ವರದ ಬಢತ್ (ವಿಸ್ತಾರ): ಈ ಅನುಕ್ರಮದ ಹಿಂದೆ ಒಂದು ಶಾಸ್ತ್ರವಿದೆ. ತಾನುಗಳ ಆಸೆ ಹುಟ್ಟುವ ವಯಸ್ಸಿನಲ್ಲೇ ಅವನ್ನು ತಡೆಹಿಡಿಯುವುದು ಅದರ ಕಠಿಣ ನಿಯಮ.

ಪರೀಕ್ಷೆಯ ಪಠ್ಯ ಇಲ್ಲಿ ಎಡವುತ್ತದೆ. ಪ್ರಾರಂಭಿಕದಿಂದ ವಿಶಾರದದವರೆಗೆ ಹಂತಹಂತಕ್ಕೂ ರಾಗಗಳ ಪಟ್ಟಿ ಬೆಳೆಯುತ್ತದೆ. ಆರೋಹ, ಅವರೋಹ, ಪಕಡ್ ಒಪ್ಪಿಸಿ, ಒಂದು ಛೋಟಾ ಖ್ಯಾಲ್ ಹಾಡಿದರೆ ರಾಗ ಬಂದಂತೆ ಲೆಕ್ಕ. ಹೀಗೆ ಮಾರವಾ ಮತ್ತು ಪೂರಿಯಾದ ವ್ಯತ್ಯಾಸವನ್ನು ಬರೆದು ಅಂಕ ಪಡೆದ ಹುಡುಗಿಗೆ ಹಾಡುವಾಗ ಆ ವ್ಯತ್ಯಾಸ ಸಿಗದೆಹೋಗಬಹುದು.

ಆದರೂ ಈ ಪಠ್ಯದ ಋಣವನ್ನು ಮರೆಯುವುದು ಅನ್ಯಾಯ. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದಾಗ, ಭಾತಖಂಡೆಯವರು ಚೀಜುಗಳನ್ನು ಸಂಗ್ರಹಿಸಿ ಸ್ವರಲಿಪಿಯೊಡನೆ ಅಚ್ಚು ಹಾಕಿಸಿದಾಗ, ಮನೆತನಗಳ ಒಳಗೆ ಮುಚ್ಚಿಟ್ಟಿದ್ದ ವಿದ್ಯೆ ಸಾಮಾನ್ಯರ ಕೈಗೆ ಬಂತು. ಹಳೆಯ ತಾಲೀಮಿನಲ್ಲಿ ಶಿಷ್ಯನ ಭವಿಷ್ಯ ಗುರುವಿನ ಮರ್ಜಿಗೆ ಬಿಟ್ಟದ್ದು. ಏನು ಕಲಿಸುತ್ತಾರೆ, ಏಕೆ ಕಲಿಸುವುದಿಲ್ಲ ಎಂದು ಕೇಳುವ ಹಕ್ಕು ಶಿಷ್ಯನಿಗಿರಲಿಲ್ಲ. ಬಡವರು, ಹೆಣ್ಣುಮಕ್ಕಳು ಎಷ್ಟೋ ಜನ ಬಾಗಿಲಿನಾಚೆಯೇ ಉಳಿದರು.

ಶಿಸ್ತು ಮತ್ತು ತೆರೆದ ಬಾಗಿಲು ಒಟ್ಟಿಗೆ ಇರಬಹುದು ಎಂಬುದಕ್ಕೆ ಗದುಗಿನ ವೀರೇಶ್ವರ ಪುಣ್ಯಾಶ್ರಮವೇ ಸಾಕ್ಷಿ. ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳಿಗೂ ಅನಾಥರಿಗೂ ಅನ್ನವಿಟ್ಟು ಹಾಡು ಕಲಿಸಿದರು. ಅವರಲ್ಲಿ ಕಲಿತ ಬಸವರಾಜ ರಾಜಗುರು ಆಮೇಲೆ ಬೇರೆ ಬೇರೆ ಘರಾಣೆಗಳ ಗುರುಗಳಿಂದಲೂ ಕಲಿತರು. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು ಗ್ವಾಲಿಯರ್ ತಾಲೀಮಿನ ಅಡಿಪಾಯದ ಮೇಲೆ ಜಯಪುರ–ಅತ್ರೌಲಿ ಗಾಯಕಿಯನ್ನು ಕಟ್ಟಿದರು. ತಳಪಾಯ ಗಟ್ಟಿಯಿದ್ದವರಿಗೆ ಇನ್ನೊಂದು ಘರಾಣೆ ಅಪಾಯ ತರಲಿಲ್ಲ, ಸಂಪತ್ತು ತಂದಿತು.

ಆದ್ದರಿಂದ ನನ್ನ ತೀರ್ಮಾನ ಸ್ಪಷ್ಟ. ಅನುಕ್ರಮವನ್ನು ತಾಲೀಮಿನಿಂದ ತೆಗೆದುಕೊಳ್ಳಬೇಕು, ಪ್ರವೇಶದ ಸಮಾನತೆಯನ್ನು ಶಾಲೆಯಿಂದ. ಮೊದಲ ಎರಡು ವರ್ಷ ಎರಡೇ ಎರಡು ರಾಗ ಸಾಕು, ಬೆಳಗಿಗೊಂದು, ಸಂಜೆಗೊಂದು. ಪರೀಕ್ಷೆ ಬೇಕೇ ಬೇಕೆಂದರೆ, ವಿದ್ಯಾರ್ಥಿ ಒಂದೇ ರಾಗವನ್ನು ಅರ್ಧ ಗಂಟೆ ಹಾಡಲಿ, ಪರೀಕ್ಷಕರು ಕೂತು ಪೂರ್ತಿ ಕೇಳಲಿ. ಯಾವುದನ್ನು ಏಕೆ ತಡೆದಿದ್ದೇನೆ ಎಂದು ಗುರುಗಳು ಶಿಷ್ಯರಿಗೆ ಹೇಳಲಿ. ತಂದೆತಾಯಂದಿರಲ್ಲಿ ಒಂದು ವಿನಂತಿ: ಮಗುವಿಗೆ ಎಷ್ಟು ರಾಗ ಬಂತೆಂದು ಕೇಳಬೇಡಿ, ಇವತ್ತು ಷಡ್ಜ ಹೇಗೆ ಹಚ್ಚಿತೆಂದು ಕೇಳಿ.