ಪಣಜಿಯ ಪಾವ್‌ಭಾಜಿ, ಟೋಕಿಯೊದ ಊಟದ ಡಬ್ಬಿ

ಅಕ್ಟೋಬರ್ 2 ಮತ್ತು 3: ಪಣಜಿಯಲ್ಲಿ ಸತ್ಸಂಗ, ಪಾವ್‌ಭಾಜಿ, ಒಂದು ಸಿನಿಮಾ. ನಿಶಿಕಾಂತ್ ಕಾಮತರ ಹಿಂದಿ ‘ದೃಶ್ಯಂ’ (2015) ನೋಡಿದವರಿಗೆ ಈ ಪಟ್ಟಿ ಬಾಯಿಪಾಠ. ಗೋವಾದ ಕೇಬಲ್ ಟಿವಿಯವನೊಬ್ಬ ಸಾಕ್ಷಿಗಳ ನೆನಪಿನೊಳಗೇ ದಿನಾಂಕ ಸರಿಸುವ ಕಥೆ. ಮಲಯಾಳಂ ಮೂಲದ ಇದನ್ನು ನಾವು 2014ರಲ್ಲೇ ರವಿಚಂದ್ರನ್ ಅವರ ‘ದೃಶ್ಯ’ದಲ್ಲಿ ಕಂಡಿದ್ದೆವು.

ಇದರ ಜೊತೆ ಪದೇ ಪದೇ ಕೇಳಿಬರುವ ಹೆಸರು ಜಪಾನಿನ ‘ಸಸ್ಪೆಕ್ಟ್ ಎಕ್ಸ್’. ಕೆಯಿಗೊ ಹಿಗಾಶಿನೊ ಅವರ 2005ರ ಕಾದಂಬರಿಯನ್ನು ಹಿರೋಶಿ ನಿಶಿತಾನಿ 2008ರಲ್ಲಿ ತೆರೆಗೆ ತಂದರು. ಹೋಲಿಕೆಯನ್ನು ಮೂಲ ‘ದೃಶ್ಯಂ’ನ ನಿರ್ದೇಶಕ ಜೀತು ಜೋಸೆಫ್ ಒಪ್ಪಿಲ್ಲ, ಆ ಜಗಳ ನಮಗೆ ಬೇಡ.

ನನ್ನನ್ನು ಹಿಡಿದಿಟ್ಟಿದ್ದು ಶಿನಿಚಿ ತ್ಸುತ್ಸುಮಿ ಅವರ ಇಶಿಗಾಮಿ. ಗಣಿತದ ಮೇಷ್ಟ್ರು, ಒಂಟಿ, ಬಾಗಿದ ಹೆಗಲು. ಪಕ್ಕದ ಮನೆಯ ಯಾಸುಕೊ ಕೆಲಸ ಮಾಡುವ ಅಂಗಡಿಯಲ್ಲೇ ಊಟದ ಡಬ್ಬಿ ಕೊಳ್ಳುತ್ತಾನೆ. ಪ್ರೀತಿಯ ಬಗ್ಗೆ ತುಟಿ ಬಿಚ್ಚುವುದಿಲ್ಲ. ಅವಳ ಕೈಯಲ್ಲಿ ಕೊಲೆಯಾದದ್ದನ್ನು, ಅದನ್ನು ಮುಚ್ಚಲು ಇವನು ಮುಂದಾದದ್ದನ್ನು ನಮಗೆ ಮೊದಲೇ ತೋರಿಸಿಬಿಡುತ್ತಾರೆ. ಆದರೂ ನಾವು ಮೋಸ ಹೋಗುತ್ತೇವೆ, ಏಕೆಂದರೆ ತಪ್ಪು ಪ್ರಶ್ನೆ ಕೇಳುತ್ತಾ ಕೂತಿರುತ್ತೇವೆ. (ಗುಟ್ಟು ಹೇಳೆನು.) ಪತ್ತೆಗೆ ಇಳಿಯುವ ಭೌತವಿಜ್ಞಾನಿ ಯುಕಾವಾ ಇಶಿಗಾಮಿಯ ಹಳೆಯ ಗೆಳೆಯ, ಗೆದ್ದಷ್ಟೂ ಮುಖ ಬಾಡುತ್ತದೆ.

ಗೋವಾದವನು ಹೆಂಡತಿ ಮಕ್ಕಳಿಗಾಗಿ ಸುಳ್ಳು ಕಟ್ಟಿದ. ನಮ್ಮ ಪ್ರೇಕ್ಷಕ ಅವನಿಗೆ ಸಲೀಸಾಗಿ ಸಿಳ್ಳೆ ಹೊಡೆದ. ಇಶಿಗಾಮಿಗೆ ಅಂಥ ಯಾವ ಸಂಬಂಧದ ನೆಪವೂ ಇಲ್ಲ. ಅವನು ತೆತ್ತ ಬೆಲೆ ತಿಳಿದಾಗ ಸಿಳ್ಳೆ ಹೊರಡುವುದಿಲ್ಲ. ಅದಕ್ಕೇ ನನ್ನ ಓಟು ಜಪಾನಿಗೆ.