ಉಗುರಿಗೆ ಮಣಿಯುವ ಆಟಿಕೆ

ಭಾಲ್ಕಿಯಲ್ಲಿ ಮಟನ್ ಕಟ್ಟಿಸುವಾಗ ‘ನಾಯಿಗೊಂದು ನಳ್ಳಿ ಹಾಕ್ರಿ’ ಎಂದು ಕೇಳುವುದು ಪ್ರೀತಿಯಿಂದಲೇ. ಆದರೆ ಬೆಂದ ಎಲುಬು ಚೂಪಾಗಿ ಸೀಳಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ಹಸಿ ನಳ್ಳಿಯ ಗಟ್ಟಿತನಕ್ಕೆ ಮೇಲ್ದವಡೆಯ ದೊಡ್ಡ ಹಲ್ಲೇ ಚಕ್ಕೆಯಾಗಿ ಎದ್ದುಬರಬಹುದು. ಗೊರಸು, ಕೊಂಬಿನ ತುಂಡುಗಳನ್ನೂ ನಾನು ಒಪ್ಪುವುದಿಲ್ಲ.

ಹಾಗಂತ ಕಡಿಯಲು ಏನೂ ಕೊಡದೆ ಇರಲಾಗದು. 28 ಹಾಲುಹಲ್ಲು ಉದುರಿ 42 ಹಲ್ಲು ಮೂಡುವ ನಾಲ್ಕರಿಂದ ಏಳನೇ ತಿಂಗಳಲ್ಲಿ ಮರಿಯ ಒಸಡು ನೋಯುತ್ತದೆ. ಚಪ್ಪಲಿ, ಚಾರ್ಜರ್ ವಯರ್, ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ. ಬೈದು ಪ್ರಯೋಜನವಿಲ್ಲ.

ಕಡಿಯುವ ಆಟಿಕೆಗಳಲ್ಲಿ ನನ್ನ ಮಟ್ಟಿಗೆ ಇಂದಿಗೂ ಮೊದಲ ಸ್ಥಾನ ‘ಕಾಂಗ್’ ಎಂಬ ರಬ್ಬರ್ ಆಟಿಕೆಗೇ. 1970ರ ದಶಕದಲ್ಲಿ ಅಮೆರಿಕದ ಜೋ ಮಾರ್ಕ್‌ಹ್ಯಾಮ್ ಅವರ ಜರ್ಮನ್ ಶೆಫರ್ಡ್ ಫ್ರಿಟ್ಜ್ ಕಲ್ಲು ಕಡಿದು ಹಲ್ಲು ಹಾಳು ಮಾಡಿಕೊಳ್ಳುತ್ತಿತ್ತು. ವ್ಯಾನ್ ರಿಪೇರಿಯ ಹೊತ್ತಿಗೆ ಸಿಕ್ಕ ಸಸ್ಪೆನ್ಷನ್ನಿನ ರಬ್ಬರ್ ತುಂಡನ್ನು ಅದು ಕಚ್ಚಿ ಹಿಡಿದದ್ದೇ ಈ ಆಟಿಕೆಗೆ ಮೂಲ. ಮೂರು ಗುಂಡು ಒಂದರ ಮೇಲೊಂದು ಕೂತಂಥ ಆಕಾರ; ಬಿದ್ದರೆ ಎತ್ತ ಪುಟಿಯುತ್ತದೋ ಹೇಳಲಾಗದು, ನಾಯಿಗೆ ಅದೇ ಬೇಟೆ. ಒಳಗೆ ಟೊಳ್ಳು, ಎರಡು ತುದಿಗೂ ತೂತು. ಈ ಎರಡನೇ ತೂತನ್ನು ಅಂಗಡಿಯಲ್ಲೇ ನೋಡಿಕೊಳ್ಳಿ: ಒಂದೇ ಇದ್ದರೆ ಒಳಗಿನ ಗಾಳಿಯ ಸೆಳೆತಕ್ಕೆ ನಾಲಿಗೆ ಸಿಕ್ಕಿಕೊಳ್ಳುವುದುಂಟು. ಬೀದರಿನ ಮೇ ತಿಂಗಳ ಬಿಸಿಲಿಗೆ ಜೋಳದ ರೊಟ್ಟಿ ಚೂರನ್ನು ಮೊಸರಲ್ಲಿ ಕಲಸಿ, ಒಳಗೆ ತುಂಬಿ ಫ್ರೀಜರಿನಲ್ಲಿಟ್ಟು ಕೊಟ್ಟರೆ ಒಂಟಿಯಾಗಿರುವ ನಾಯಿ ಬೇಸರ ಮರೆತು ನೆಕ್ಕುತ್ತ ಕೂರುತ್ತದೆ.

ಆಟಿಕೆ ಆರಿಸುವಾಗ ಮುಖ ನೋಡಬೇಕು. ಮುಧೋಳ ನಾಯಿಯ ಉದ್ದ, ಕಿರಿದಾದ ಮೂತಿಗೆ ಹಿಡಿಸಿದ್ದು ಲ್ಯಾಬ್ರಡಾರ್‌ಗೆ ಚಿಕ್ಕದಾಗಬಹುದು. ಹಿಂದಿನ ಹಲ್ಲು ದಾಟಿ ಒಳಗೆ ಜಾರುವಷ್ಟು ಸಣ್ಣದು ಬೇಡವೇ ಬೇಡ. ಹೆಬ್ಬೆರಳಿನ ಉಗುರೊತ್ತಿ ನೋಡಿ. ಗುರುತು ಮೂಡದಿದ್ದರೆ ಅದು ಹಲ್ಲಿಗೆ ಮೀರಿದ ಗಟ್ಟಿ. ಟೆನಿಸ್ ಚೆಂಡಿನ ಒರಟು ನೂಲು ದಿನವೂ ಕಡಿದರೆ ಹಲ್ಲು ಸವೆಸುತ್ತದೆ, ಎಸೆದು ಆಡಲಷ್ಟೇ ಸಾಕು. ಹಗ್ಗದ ಆಟಿಕೆಯನ್ನು ನಾಯಿಗೆ ಬಿಟ್ಟು ಹೊರಗೆ ಹೋಗಬೇಡಿ. ನುಂಗಿದ ಎಳೆ ಕರುಳನ್ನು ನೆರಿಗೆ ಕಟ್ಟಿಸಿ ಕೊಯ್ದುಬಿಡುತ್ತದೆ.

ಎಳೆ ನುಂಗಿದ ನಾಯಿ ವಾಂತಿ ಮಾಡುತ್ತ ಊಟ ಬಿಟ್ಟರೆ, ಹೊರಗೆ ಕಾಣುವ ದಾರವನ್ನು ಎಳೆಯಬೇಡಿ. ಔರಾದಿನಂಥ ಊರಿನಿಂದ ಬೀದರ್ ದೂರವೆಂದು ಬೆಳಗಿನ ತನಕ ಕಾಯಲೂ ಬೇಡಿ. ಹತ್ತಿರದ ಪಶುವೈದ್ಯರಿಗೆ ತೋರಿಸಿ, ಅವರು ಹೇಳಿದರೆ ಬೀದರಿನ ಪಶುವೈದ್ಯಕೀಯ ಕಾಲೇಜಿಗೆ ಕರೆತನ್ನಿ.