ನಾಲ್ವರು, ನಾಲ್ಕು ದೇಶ, ನೆಲದ ದಾರಿ

ಉತ್ತರ ಥಾಯ್ಲೆಂಡ್‌ನ ಚಿಯಾಂಗ್ ಖೋಂಗ್‌ನಲ್ಲಿ ಗಡಿ ದಾಟಿ ಲಾವೋಸ್‌ನ ಹುವಾಯ್ ಸಾಯ್‌ಗೆ ಬಂದವರ ಮುಂದೆ ಲುವಾಂಗ್ ಪ್ರಬಾಂಗ್ ಸೇರಲು ಮೂರು ದಾರಿಗಳಿವೆ. ಒಂದು, ಬೆಟ್ಟದ ತಿರುವುಗಳಲ್ಲಿ ರಾತ್ರಿಯೆಲ್ಲ ಹೊರಳಾಡಿಸುವ ಬಸ್ಸು. ಇನ್ನೊಂದು, ತಲೆಗೆ ಹೆಲ್ಮೆಟ್ ಹಾಕಿಸಿ ಮೆಕಾಂಗ್ ನದಿಯ ಬಂಡೆಗಳ ನಡುವೆ ಆರೇಳು ತಾಸು ಹಾರಿಸಿಕೊಂಡು ಹೋಗುವ ಸ್ಪೀಡ್‌ಬೋಟ್. ಮೂರನೆಯದು ನಿಧಾನದ ದೋಣಿ. ಅದಕ್ಕೆ ಎರಡು ಹಗಲು ಬೇಕು. ನಡುವೆ ಪಾಕ್‌ಬೆಂಗ್ ಎಂಬ ದಂಡೆಯ ಊರಿನಲ್ಲಿ ಒಂದು ರಾತ್ರಿ. ರುಚಿ ಬಲ್ಲವರು ಕಣ್ಣುಮುಚ್ಚಿ ಮೂರನೆಯದನ್ನೇ ಹತ್ತುತ್ತಾರೆ.

ದೋಣಿ ಮರದ್ದು, ಉದ್ದ ಹೆಚ್ಚು, ಅಗಲ ಕಡಿಮೆ. ಒಳಗೆ ಹಳೆಯ ಕಾರು, ವ್ಯಾನುಗಳಿಂದ ಕಿತ್ತು ತಂದು ಜೋಡಿಸಿದ ಸೀಟುಗಳು. ಹಿಂಬದಿಯಲ್ಲಿ ಇಂಜಿನ್ನು, ತಡವಾಗಿ ಬಂದವರಿಗೆ ಅದರ ಮಗ್ಗುಲೇ ಗತಿ, ಸಂಜೆಯವರೆಗೆ ಪಕ್ಕದವರ ಮಾತು ಕೇಳಿಸುವುದಿಲ್ಲ. ನಡುನಡುವೆ ಯಾವುದೋ ಮರಳುದಂಡೆಗೆ ದೋಣಿ ಮೂತಿ ತಾಗಿಸಿದರೆ ಊರಿನವರು ಗಂಟುಮೂಟೆ ಸಮೇತ ಇಳಿಯುತ್ತಾರೆ, ಹತ್ತುತ್ತಾರೆ. ಮೊಬೈಲ್ ಸಿಗ್ನಲ್ ಬಂದರೆ ಬಂತು. ಇಸ್ಪೀಟಿನ ಕಟ್ಟು ತಂದವರು ಪುಣ್ಯವಂತರು. ಲುವಾಂಗ್ ಪ್ರಬಾಂಗ್‌ಗೆ ಸುಮಾರು 25 ಕಿ.ಮೀ. ಇರುವಾಗ ನದಿಗೆ ಅಡ್ಡಲಾಗಿ 1,460 ಮೆಗಾವಾಟ್‌ನ ಅಣೆಕಟ್ಟೆಯ ಕಾಮಗಾರಿ ಎದುರಾಗುತ್ತದೆ. ಈ ದೋಣಿಯಾನ ಇನ್ನೆಷ್ಟು ಕಾಲ ಹೀಗೇ ಇದ್ದೀತು ಎಂಬ ಅನುಮಾನ ಅದನ್ನು ಕಂಡವರಿಗೆಲ್ಲ ಬರುತ್ತದೆ.

ಬೆನ್ನುಚೀಲದ ಪ್ರವಾಸದ ಸೊಗಸು ಊರುಗಳಲ್ಲಿ ಎಷ್ಟಿದೆಯೋ, ಊರು–ಊರಿನ ನಡುವೆಯೂ ಅಷ್ಟೇ ಇದೆ ಎಂಬುದು ಈ ಅಂಕಣದ ಹಟ. ಬೆಂಗಳೂರಿನ ಗೆಳೆಯರ ಗುಂಪುಗಳು ಇತ್ತೀಚೆಗೆ ಹಾಕುವ ಲೆಕ್ಕಾಚಾರ ಇದಕ್ಕೆ ತದ್ವಿರುದ್ಧ: ಹದಿನೈದು ದಿನದ ರಜೆ, ಅಗ್ಗದ ವಿಮಾನ, ಆರು ದೇಶ. ಹಾಗೆ ಹೋದವರು ನೋಡಿ ಬರುವುದು ಬಹುಪಾಲು ವಿಮಾನ ನಿಲ್ದಾಣಗಳನ್ನು. ಆಗ್ನೇಯ ಏಷ್ಯಾದ ನಾಲ್ಕು ದೇಶಗಳನ್ನು, ಅಂದರೆ ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ, ಕಾಂಬೋಡಿಯಾಗಳನ್ನು ನೆಲದ ಮೇಲೆ, ನೀರಿನ ಮೇಲೆ ಸುತ್ತಲು ಎರಡು ತಿಂಗಳು ಬೇಕು. ಅಷ್ಟು ರಜೆ ಯಾರಿಗಿದೆ ಎಂದರೆ, ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಸೇರುವ ನಡುವಿನವರಿಗೆ, ಡಿಗ್ರಿ ಮುಗಿಸಿ ಆಫರ್ ಲೆಟರ್ ಕಾಯುತ್ತಿರುವವರಿಗೆ. ಉಳಿದವರು ಎರಡು ದೇಶಕ್ಕೆ ಸಾಕು ಮಾಡುವುದು ಮೇಲು.

ದಾರಿ ಹೊಸತೇನಲ್ಲ. 1973ರಲ್ಲಿ ಟೋನಿ ಮತ್ತು ಮೌರೀನ್ ವೀಲರ್ ದಂಪತಿ ಲಂಡನ್‌ನಿಂದ ಆಸ್ಟ್ರೇಲಿಯಾದವರೆಗೆ ಬಂದ ಅನುಭವವನ್ನು ಒಂದು ತೆಳು ಪುಸ್ತಕ ಮಾಡಿದರು. ಲೋನ್ಲಿ ಪ್ಲಾನೆಟ್ ಹುಟ್ಟಿದ್ದು ಹಾಗೆ. 1975ರಲ್ಲಿ ಆಗ್ನೇಯ ಏಷ್ಯಾದ ಬಗ್ಗೆ ಅವರು ತಂದ ಎರಡನೆಯ ಪುಸ್ತಕದ ಹಳದಿ ಹೊದಿಕೆ ಮುಂದೆ ಈ ಭಾಗದ ಪ್ರತಿ ಅತಿಥಿಗೃಹದಲ್ಲೂ ಕಾಣತೊಡಗಿತು. 1979ರಲ್ಲಿ ಇರಾನ್‌ನ ಕ್ರಾಂತಿ, ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆಯ ಪ್ರವೇಶ ಎರಡೂ ಆಗಿ ಯುರೋಪಿನಿಂದ ಭಾರತ, ನೇಪಾಳಕ್ಕೆ ಬರುತ್ತಿದ್ದ ಹಿಪ್ಪಿಗಳ ನೆಲದ ದಾರಿ ಕಡಿದುಹೋಯಿತು. ಆ ಬಳಿಕ ಬೆನ್ನುಚೀಲದವರ ದಂಡು ಬ್ಯಾಂಕಾಕ್‌ನತ್ತ ತಿರುಗಿತು. ಹಿಂದೆ ಅಕ್ಕಿ ವ್ಯಾಪಾರದ ಬೀದಿಯಾಗಿದ್ದ ಖಾವ್ ಸಾನ್ ರಸ್ತೆಯಲ್ಲಿ 80ರ ದಶಕದಲ್ಲಿ ಅಗ್ಗದ ಕೋಣೆಗಳು ಎದ್ದವು. ಬೆಳಗ್ಗೆ ಬಿಳಿಯರಿಗೆ ಬಾಳೆಹಣ್ಣಿನ ಪ್ಯಾನ್‌ಕೇಕ್ ಹುಯ್ದುಕೊಡುವ ಅಂಗಡಿಗಳು ಊರೂರಲ್ಲೂ ತೆರೆದು, ದಾರಿಗೆ ಆ ತಿಂಡಿಯ ಹೆಸರೇ ಬಿತ್ತು. ಖಾವ್ ಸಾನ್ ಈಗ ಅರ್ಧ ಕಿಲೋಮೀಟರ್‌ಗೂ ಕಡಿಮೆ ಉದ್ದದ ಗದ್ದಲ. ಒಂದು ಸಂಜೆ ನೋಡಿ, ಮಲಗಲು ಬೇರೆ ಕಡೆ ಹೋಗುವುದು ಜಾಣತನ.

ಇನ್ನು ಗೆಳೆಯರ ಸಂಖ್ಯೆ. ನಾಲ್ಕು. ಇದು ಜ್ಯೋತಿಷ್ಯವಲ್ಲ, ಸೀಟಿನ ಲೆಕ್ಕ. ಬ್ಯಾಂಕಾಕ್–ಚಿಯಾಂಗ್ ಮಾಯ್ ರಾತ್ರಿ ರೈಲಿನ ಎರಡನೇ ದರ್ಜೆಯಲ್ಲಿ ಎದುರುಬದುರು ಕೂರುವ ಇಬ್ಬರಿಗೆ ಮೇಲೊಂದು, ಕೆಳಗೊಂದು ಬರ್ತ್. ಹಜಾರದ ಆಚೆ ಅಂಥದೇ ಇನ್ನೊಂದು ಜೋಡಿ. (ಈ ರೈಲುಗಳು 2023ರ ಜನವರಿಯಿಂದ ಹಳೆಯ ಹುವಾ ಲಂಫೋಂಗ್ ಬಿಟ್ಟು ಕ್ರುಂಗ್ ಥೇಪ್ ಅಪಿವಾತ್ ಎಂಬ ದೈತ್ಯ ನಿಲ್ದಾಣದಿಂದ ಹೊರಡುತ್ತವೆ, ಹಳೆಯ ಬ್ಲಾಗು ನಂಬಿದವರು ತಪ್ಪು ನಿಲ್ದಾಣದಲ್ಲಿ ನಿಂತಿರುತ್ತಾರೆ.) ಲಾವೋಸ್‌ನ ಸ್ಲೀಪರ್ ಬಸ್ಸುಗಳಲ್ಲಿ ಇಬ್ಬರಿಗೊಂದು ಹಾಸಿಗೆ, ಬೆಸ ಸಂಖ್ಯೆಯ ಗುಂಪಿನಲ್ಲಿ ಒಬ್ಬರು ಅಪರಿಚಿತರ ಮೊಣಕೈ ಸಹಿಸಬೇಕು. ವಿಯೆಟ್ನಾಂ ರೈಲಿನ ಮೆತ್ತನೆ ಹಾಸಿಗೆಯ ಕೋಣೆಯಲ್ಲಿ ಸರಿಯಾಗಿ ನಾಲ್ಕು ಬರ್ತ್, ಬಾಗಿಲು ಎಳೆದುಕೊಂಡರೆ ಸ್ವಂತ ಮನೆ. ಕಾಂಬೋಡಿಯಾದ ಟುಕ್‌ಟುಕ್ ಎಂದರೆ ಮೋಟರ್‌ಸೈಕಲ್ಲಿಗೆ ಕಟ್ಟಿದ ಗಾಡಿ. ಅದರಲ್ಲೂ ಎದುರುಬದುರಾಗಿ ನಾಲ್ವರು. ಐದನೆಯವರು ಬಂದ ದಿನದಿಂದ ಎರಡನೇ ಗಾಡಿಯ ಬಾಡಿಗೆ, ಎರಡನೇ ಕೋಣೆಯ ಚರ್ಚೆ ಶುರು.

ನಾಲ್ವರಾದರೂ ಜಗಳ ತಪ್ಪದು, ಮತ್ತು ಅದು ಹೆಚ್ಚಾಗಿ ಸಣ್ಣ ದುಡ್ಡಿನದು. ಯಾರು ಎಷ್ಟು ಕೊಟ್ಟರು ಎಂದು ಆ್ಯಪಿನಲ್ಲಿ ಬರೆಯುತ್ತಾ ಹೋದರೆ ಪ್ರತಿ ರಾತ್ರಿ ಲೆಕ್ಕಪರಿಶೋಧನೆ ನಡೆಯುತ್ತದೆ. ಅದಕ್ಕಿಂತ ಗಣೇಶನ ಹಬ್ಬದ ಚಂದಾದಂತೆ ತಲೆಗಿಷ್ಟು ಎಂದು ಮೊದಲೇ ಎತ್ತಿ ಒಂದು ಚೀಲಕ್ಕೆ ಹಾಕುವುದು ಲೇಸು. ಕೋಣೆ, ಪ್ರಯಾಣ, ನೀರು, ಬೆಳಗಿನ ತಿಂಡಿ ಅದರಿಂದ. ಬಿಯರು, ಮಸಾಜು, ಶಾಪಿಂಗು ಸ್ವಂತ ಜೇಬಿನಿಂದ. ಚೀಲ ಹಿಡಿಯುವ ಪಾಳಿ ಗಡಿ ದಾಟಿದಾಗಲೆಲ್ಲ ಬದಲಾಗಲಿ. ಬಾತ್, ಕಿಪ್, ಡಾಂಗ್, ರಿಯಲ್ ಒಬ್ಬೊಬ್ಬರಿಗೆ ಒಂದೊಂದು. ಡಾಂಗ್ ಪಾಲಿಗೆ ಬಂದವರು ಎಚ್ಚರವಾಗಿರಬೇಕು: ಇಪ್ಪತ್ತು ಸಾವಿರದ ನೋಟೂ ನೀಲಿ, ಐದು ಲಕ್ಷದ ನೋಟೂ ನೀಲಿ, ಬೆಲೆಯಲ್ಲಿ 25 ಪಟ್ಟು ವ್ಯತ್ಯಾಸ. ಕಾಂಬೋಡಿಯಾದಲ್ಲಿ ಡಾಲರ್ ಸಲೀಸಾಗಿ ಓಡುತ್ತದೆ, ಆದರೆ ಅಂಚು ಹರಿದಿದ್ದರೆ ಅಂಗಡಿಯಾಕೆ ನಗುನಗುತ್ತಲೇ ಹಿಂದಿರುಗಿಸುತ್ತಾಳೆ.

ವಾರದಲ್ಲಿ ಒಂದು ದಿನ ನಾಲ್ವರೂ ಬೇರೆಬೇರೆ ದಾರಿ ಹಿಡಿಯಬೇಕೆಂಬ ಕಟ್ಟಳೆ ಮಾಡಿಕೊಂಡ ಗುಂಪುಗಳು ಕೊನೆಯವರೆಗೆ ಗುಂಪಾಗಿಯೇ ಉಳಿಯುತ್ತವೆ. ಒಬ್ಬರಿಗೆ ಮ್ಯೂಸಿಯಂ, ಒಬ್ಬರಿಗೆ ನಿದ್ದೆ. ರಾತ್ರಿ ಊಟಕ್ಕೆ ಸೇರಿದಾಗ ಹೇಳಿಕೊಳ್ಳಲು ನಾಲ್ಕು ಕಥೆ ಇರುತ್ತವೆ.

ಚೀಲದ ವಿಷಯದಲ್ಲಿ ಮಾತ್ರ ರಾಜಿ ಬೇಡ: 40 ಲೀಟರ್, ತುಂಬಿದ ಮೇಲೆ ಏಳು ಕಿಲೋ. ಅಗ್ಗದ ವಿಮಾನಗಳು ಕ್ಯಾಬಿನ್‌ಗೆ ಸಾಮಾನ್ಯವಾಗಿ ಬಿಡುವುದೂ ಅಷ್ಟೇ. ಸೊಂಟದ ಪಟ್ಟಿ ಇಲ್ಲದ ಚೀಲ ಎಷ್ಟು ಚೆಂದವಿದ್ದರೂ ಅಂಗಡಿಯಲ್ಲೇ ಬಿಟ್ಟು ಬನ್ನಿ. ಭಾರ ಸೊಂಟದ ಮೂಳೆಯ ಮೇಲೆ ಕೂರಬೇಕು, ಹೆಗಲಿನ ಮೇಲಲ್ಲ. ಮನೆಯವರು ಕೊಡುವ ಚಟ್ನಿಪುಡಿ ಡಬ್ಬಕ್ಕೆ ಜಾಗ ಬೇಕಾದರೆ ಜೀನ್ಸ್ ಹೊರಗೆ ಹೋಗಲಿ. ತೇವದ ಹವೆಯಲ್ಲಿ ಅದು ಒಣಗುವುದೂ ಇಲ್ಲ.

ಲಾವೋಸ್‌ನಲ್ಲಿ ದೋಣಿ ಇಳಿದ ಮೇಲೆ ರೈಲು ಬರುತ್ತದೆ, ಅದೂ ಇನ್ನೊಂದು ತುದಿಯ ವೇಗದ್ದು. ಚೀನಾ ಕಟ್ಟಿಕೊಟ್ಟ ಈ ಮಾರ್ಗ 2021ರ ಡಿಸೆಂಬರ್ 3ರಂದು ಶುರುವಾಗಿ, ಲುವಾಂಗ್ ಪ್ರಬಾಂಗ್‌ನಿಂದ ವಿಯೆಂಟಿಯಾನ್‌ಗೆ ಇಡೀ ದಿನ ಹಿಡಿಯುತ್ತಿದ್ದ ಬೆಟ್ಟದ ಪಯಣವನ್ನು ಎರಡು ತಾಸಿಗೆ ಇಳಿಸಿತು. ನಡುವೆ ಸಿಗುವ ವಾಂಗ್ ವಿಯೆಂಗ್ ಸುಣ್ಣಕಲ್ಲಿನ ಬೆಟ್ಟಗಳ ಚೆಲುವಾದ ಊರು, ಕೆಟ್ಟ ಹೆಸರಿನ ಊರೂ ಹೌದು. ಟೈರಿನ ಟ್ಯೂಬಿನ ಮೇಲೆ ತೇಲುತ್ತಾ ದಂಡೆಯ ಬಾರುಗಳಲ್ಲಿ ಕುಡಿಯುವ ಚಟಕ್ಕೆ ಹಲವರು ಬಲಿಯಾಗಿ, 2012ರಲ್ಲಿ ಸರ್ಕಾರ ಆ ಬಾರುಗಳನ್ನು ಮುಚ್ಚಿಸಿತು. 2024ರ ನವೆಂಬರ್‌ನಲ್ಲಿ ಮೆಥನಾಲ್ ಬೆರೆತ ಮದ್ಯ ಕುಡಿದು ಆರು ವಿದೇಶಿ ಪ್ರವಾಸಿಗರು ಸತ್ತರು. ಅಲ್ಲಿ ಪುಕ್ಕಟೆ ಕೊಡುವ ‘ಶಾಟ್’ ಮುಟ್ಟಬೇಡಿ. ಮುಚ್ಚಳ ಕಣ್ಣೆದುರು ತೆಗೆದ ಬಿಯರ್ ಬಾಟಲಿಗೆ ನಿಲ್ಲಿಸಿ.

ಲಾವೋಸ್‌ನಿಂದ ವಿಯೆಟ್ನಾಂಗೆ ಹೋಗುವಾಗ ಹೆಚ್ಚಿನವರು ವಿಯೆಂಟಿಯಾನ್–ಹನೋಯ್ ಬಸ್ಸು ಹತ್ತಿ ಇಡೀ ದಿನ ಶಪಿಸುತ್ತಾರೆ. ಲುವಾಂಗ್ ಪ್ರಬಾಂಗ್‌ನಿಂದ ಉತ್ತರಕ್ಕೆ, ತಾಯ್ ಚಾಂಗ್ ಗಡಿಯ ಮೂಲಕ ದಿಯೆನ್ ಬಿಯೆನ್ ಫು ಸೇರುವ ದಾರಿ ಮೇಲು. 1954ರಲ್ಲಿ ಫ್ರೆಂಚರ ಇಂಡೋಚೀನಾ ಸಾಮ್ರಾಜ್ಯ ಮಣ್ಣು ಮುಕ್ಕಿದ್ದು ಅದೇ ಕಣಿವೆಯಲ್ಲಿ. ಒಂದು ಎಚ್ಚರಿಕೆ: ವಿಯೆಟ್ನಾಂ ಇ–ವೀಸಾ ಅರ್ಜಿಯಲ್ಲಿ ಯಾವ ಗಡಿಯಿಂದ ಒಳಬರುತ್ತೀರಿ ಎಂದು ಮೊದಲೇ ನಮೂದಿಸಬೇಕು. ವೀಸಾ ನಿಯಮಗಳು ಈ ಭಾಗದಲ್ಲಿ ಮಳೆಗಾಲದ ಆಕಾಶದಷ್ಟೇ ಚಂಚಲ. ಹೊರಡುವ ವಾರ ಸರ್ಕಾರಿ ತಾಣಗಳನ್ನೇ ನೋಡಿಕೊಳ್ಳಬೇಕು.

ಹನೋಯ್‌ನಿಂದ ಸೈಗಾನ್‌ಗೆ 1,726 ಕಿ.ಮೀ. ಒಂದೇ ಕಂಬಿ. ಫ್ರೆಂಚರ ಕಾಲದಲ್ಲಿ 1936ಕ್ಕೆ ಮುಗಿದು, ದೇಶ ಎರಡಾದಾಗ ತುಂಡಾಗಿ, 1976ರಲ್ಲಿ ಮತ್ತೆ ಕೂಡಿಕೊಂಡ ಮಾರ್ಗ ಇದು. ಒಂದೇ ಬಾರಿಗೆ ಕೂತರೆ ಮೂವತ್ತು ತಾಸಿಗೂ ಹೆಚ್ಚು. ಹಾಗೆ ಮಾಡುವುದು ಬೇಡ. ರಾತ್ರಿ ಹತ್ತಿ ಹೂಯೇಯಲ್ಲಿ ಇಳಿಯಬೇಕು. ಹೂಯೇ–ಡಾ ನಾಂಗ್ ನಡುವಿನ ತುಣುಕನ್ನು ಮಾತ್ರ ಹಗಲಲ್ಲೇ, ಎಡಗಡೆಯ ಕಿಟಕಿಯಲ್ಲಿ ಕೂತು ನೋಡಬೇಕು. ಹಾಯ್ ವಾನ್ ಬೆಟ್ಟ ಸಮುದ್ರಕ್ಕೆ ಕಾಲಿಳಿಬಿಟ್ಟ ಜಾಗದಲ್ಲಿ ರೈಲು ನಡಿಗೆಗೆ ಇಳಿಯುತ್ತದೆ, ಕೆಳಗೆ ಖಾಲಿ ಮರಳುದಂಡೆಗಳು.

ಬೈಕಿನ ಹುಚ್ಚಿರುವ ಹುಡುಗರು ಉತ್ತರದ ಹಾ ಜಿಯಾಂಗ್ ಸುತ್ತಿಗೆ ಹೋಗದೆ ಬಿಡುವುದಿಲ್ಲ. ಅವರಿಗೊಂದು ಮಾತು. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ 1949ರ ಜಿನೀವಾ ಒಪ್ಪಂದದ್ದು. ವಿಯೆಟ್ನಾಂ ಮಾನ್ಯ ಮಾಡುವುದು 1968ರ ವಿಯೆನ್ನಾ ಒಪ್ಪಂದದ್ದು. ಬಾಡಿಗೆ ಅಂಗಡಿಯವರು ಏನನ್ನೂ ಕೇಳದೆ ಬೀಗದ ಕೈ ಕೊಡುತ್ತಾರೆ, ಬಿದ್ದಾಗ ವಿಮೆಯವರು ಎಲ್ಲವನ್ನೂ ಕೇಳುತ್ತಾರೆ. ಸ್ಥಳೀಯ ಸವಾರರ ಹಿಂದೆ ಕೂತು ಹೋಗುವ ಏರ್ಪಾಡು ಅಲ್ಲಿ ಧಾರಾಳವಾಗಿದೆ. ಮಾ ಪಿ ಲೆಂಗ್ ಕಣಿವೆಯನ್ನು ಕಣ್ತುಂಬ ನೋಡಲು ಹಿಂದಿನ ಸೀಟೇ ಸರಿ.

ಕಾಫಿ ನಾಡಿನವರಿಗೆ ವಿಯೆಟ್ನಾಂ ಇನ್ನೊಂದು ಕಾರಣಕ್ಕೆ ಇಷ್ಟವಾಗುತ್ತದೆ. ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲೇ ಹೆಚ್ಚು ಕಾಫಿ ಬೆಳೆಯುವ ದೇಶ ಅದು, ಹೆಚ್ಚಿನಂಶ ರೊಬಸ್ಟಾ. ಲೋಟದ ಮೇಲೆ ಕೂರಿಸುವ ‘ಫಿನ್’ ಎಂಬ ಪುಟ್ಟ ಫಿಲ್ಟರ್‌ನಿಂದ ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಕಂಡೆನ್ಸ್ಡ್ ಹಾಲಿನ ಮೇಲೆ ಇಳಿಯುತ್ತದೆ. ಚಿಕ್ಕಮಗಳೂರಿನವರು ಮೊದಲ ದಿನ ಮೂಗು ಮುರಿದು, ಮೂರನೆಯ ದಿನ ಫಿನ್ ಕೊಳ್ಳುವುದು ವಾಡಿಕೆ. 1946ರಲ್ಲಿ ಹನೋಯ್‌ನಲ್ಲಿ ಹಾಲಿನ ಅಭಾವ ಬಂದಾಗ ನ್ಗುಯೆನ್ ವಾನ್ ಜಾಂಗ್ ಎಂಬ ಹೋಟೆಲ್ ಕೆಲಸಗಾರರು ಮೊಟ್ಟೆಯ ಹಳದಿಯನ್ನು ಸಕ್ಕರೆಯೊಂದಿಗೆ ಕಡೆದು ಕಾಫಿಯ ಮೇಲೆ ಹಾಕಿದರು. ಈಗ ಅದೇ ಊರಿನ ಹೆಮ್ಮೆ.

ಸಸ್ಯಾಹಾರಿಗಳು ಉಪವಾಸ ಬೀಳಬೇಕಿಲ್ಲ, ಆದರೆ ಮೀನಿನ ಸಾಸು ಎಲ್ಲೆಲ್ಲೂ ಅವಿತಿರುತ್ತದೆ. ‘ಮಾಂಸ ಬೇಡ’ ಎಂದರೆ ಸಾಲದು. ಥಾಯ್ಲೆಂಡ್‌ನಲ್ಲಿ ‘ಜೇ’, ವಿಯೆಟ್ನಾಂನಲ್ಲಿ ‘ಚಾಯ್’ ಎನ್ನಬೇಕು. ಥಾಯ್ ಅಂಗಡಿಗಳ ಮುಂದೆ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಅದು ಕಾಣುತ್ತದೆ. ವಿಯೆಟ್ನಾಂನ ಎಷ್ಟೋ ಬೌದ್ಧರು ಚಾಂದ್ರಮಾಸದ ಮೊದಲನೆಯ ಮತ್ತು ಹದಿನೈದನೆಯ ದಿನ ಮಾಂಸ ಬಿಡುತ್ತಾರೆ. ಹಾಗಾಗಿ ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸಸ್ಯಾಹಾರದ ಊಟ ಸುಲಭವಾಗಿ ಸಿಗುತ್ತದೆ. ಪಂಚಾಂಗ ಹೀಗೂ ಉಪಯೋಗಕ್ಕೆ ಬರುತ್ತದೆ.

ಡಾ ನಾಂಗ್ ಬಳಿಯ ಹೋಯ್ ಆನ್‌ನಲ್ಲಿ ದರ್ಜಿಗಳ ಅಂಗಡಿ ಹೊಕ್ಕ ಗೆಳೆಯರನ್ನು ಅಲ್ಲೇ ಬಿಟ್ಟು ಒಬ್ಬರಾದರೂ ಮೀ ಸೋನ್‌ಗೆ ಹೋಗಬೇಕು. ನಾಲ್ಕನೆಯ ಶತಮಾನದಲ್ಲಿ ಭದ್ರವರ್ಮನೆಂಬ ಚಂಪಾ ರಾಜ ಭದ್ರೇಶ್ವರ ಲಿಂಗ ಸ್ಥಾಪಿಸಿದ ಕಣಿವೆ ಅದು. ಸಂಸ್ಕೃತ ಶಾಸನಗಳಿರುವ ಇಟ್ಟಿಗೆಯ ಶಿವಾಲಯಗಳಲ್ಲಿ ಹಲವು 1969ರ ಅಮೆರಿಕದ ಬಾಂಬಿಗೆ ಕುಸಿದವು. ಭಾರತೀಯ ಪುರಾತತ್ವ ಸರ್ವೇಕ್ಷಣೆಯವರು ಅಲ್ಲಿ ಜೀರ್ಣೋದ್ಧಾರ ಮಾಡುತ್ತಿದ್ದಾಗ 2020ರಲ್ಲಿ ಮರಳುಗಲ್ಲಿನ ಏಕಶಿಲಾ ಲಿಂಗವೊಂದು ಮಣ್ಣಿನಡಿ ಸಿಕ್ಕಿತು. ಇಲಾಖೆಯ ಕೈ ಕಾಂಬೋಡಿಯಾದ ಅಂಗ್ಕೋರ್‌ನಲ್ಲೂ ಇದೆ. ಮರದ ಬೇರುಗಳು ಅಪ್ಪಿಕೊಂಡ ತಾ ಪ್ರೋಮ್ ದೇಗುಲವನ್ನು ಕೂಡಿಸಿದ್ದರಲ್ಲಿ ಅದರ ಪಾಲು ದೊಡ್ಡದು. ಇನ್ನು ಅಂಗ್ಕೋರ್ ವಾಟ್ ಕಟ್ಟಿಸಿದ ಎರಡನೆಯ ಸೂರ್ಯವರ್ಮ ನಮ್ಮ ವಿಷ್ಣುವರ್ಧನನ ಸಮಕಾಲೀನ. ಬೇಲೂರಿನಲ್ಲಿ 1117ರಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾದಾಗ ಆತ ಪಟ್ಟಕ್ಕೆ ಬಂದು ಕೆಲವೇ ವರ್ಷವಾಗಿತ್ತು. ಅವನ ದೇಗುಲವೂ ವಿಷ್ಣುವಿನದೇ. ಒಂದು ದಿನದ ಟಿಕೆಟ್ 37 ಡಾಲರ್, ಮೂರು ದಿನಕ್ಕೆ 62 ಎಂದು 2017ರಲ್ಲಿ ಗೊತ್ತುಮಾಡಿದ ದರ. ಮೂರು ದಿನದ್ದನ್ನೇ ಕೊಳ್ಳಿ.

ಹಿಂದೆಲ್ಲ ಇಲ್ಲಿಂದ ಪೋಯ್‌ಪೆಟ್ ಗಡಿ ದಾಟಿ ಬ್ಯಾಂಕಾಕ್‌ಗೆ ಮರಳಿದರೆ ಸುತ್ತು ಪೂರ್ತಿಯಾಗುತ್ತಿತ್ತು. 2025ರಲ್ಲಿ ಥಾಯ್–ಕಾಂಬೋಡಿಯಾ ಗಡಿಯ ತಕರಾರು ಜುಲೈ ಹೊತ್ತಿಗೆ ಗುಂಡಿನ ಕಾಳಗವಾಗಿ, ನೆಲದ ದಾಟುಗಳಿಗೆ ಬೀಗ ಬಿತ್ತು. ಸದ್ಯಕ್ಕೆ ಅಂಗ್ಕೋರ್ ಪಕ್ಕದ ಸಿಯೆಮ್ ರೀಪ್‌ನಲ್ಲೇ ಪ್ರವಾಸ ಮುಗಿಸಿ ವಿಮಾನ ಹತ್ತುವಂತೆ ಯೋಜಿಸುವುದು ಕ್ಷೇಮ. 2023ರ ಅಕ್ಟೋಬರ್‌ನಲ್ಲಿ ತೆರೆದ ಅಲ್ಲಿನ ಹೊಸ ನಿಲ್ದಾಣ ಊರಿನಿಂದ ಸಾಕಷ್ಟು ದೂರ, ಟುಕ್‌ಟುಕ್‌ನವರ ಜೊತೆ ಹಿಂದಿನ ರಾತ್ರಿಯೇ ಮಾತಾಡಿಡಿ.

ಹೊರಡುವುದಕ್ಕೆ ನವೆಂಬರ್ ಕೊನೆ ಹದ. ಅಕ್ಟೋಬರ್, ನವೆಂಬರ್‌ನಲ್ಲಿ ಹೋಯ್ ಆನ್ ಬೀದಿಗಳಿಗೆ ನೆರೆ ನುಗ್ಗುತ್ತದೆ; ಫೆಬ್ರುವರಿ ಕಳೆದರೆ ಚಿಯಾಂಗ್ ಮಾಯ್, ಲುವಾಂಗ್ ಪ್ರಬಾಂಗ್ ಕಡೆ ಗದ್ದೆ–ಕಾಡು ಸುಡುವ ಹೊಗೆ ಕವಿಯುತ್ತದೆ. ವಿಯೆಟ್ನಾಂನ ಹೊಸ ವರ್ಷ ‘ತೇತ್’ 2027ರಲ್ಲಿ ಫೆಬ್ರುವರಿ 6ಕ್ಕೆ ಬರುತ್ತದೆ. ಆ ವಾರ ಇಡೀ ದೇಶ ತವರಿಗೆ ಹೊರಟಿರುತ್ತದೆ. ನಾಲ್ಕು ಬರ್ತ್‌ನ ಕೋಣೆ ಬೇಕೆನ್ನುವವರು ಟಿಕೆಟ್ ಮಾರಾಟ ಶುರುವಾದ ದಿನವೇ ಕಾದಿರಿಸಬೇಕು.